ರ‍್ಯಾಮ್ ಬದಲಾವಣೆ (ಹಳೆಯ ವರ್ಕ್‌ಸ್ಟೇಷನ್‌ಗಳಲ್ಲಿ)

ರ‍್ಯಾಮ್ ಬದಲಾವಣೆ ಎಂದರೆ ಕಂಪ್ಯೂಟರಿನ ಮುಖ್ಯ ಸ್ಮೃತಿಯಲ್ಲಿ ಕೆಟ್ಟ ಚಿಪ್ಪನ್ನು, ಅಥವಾ ಆ ಚಿಪ್ಪಿರುವ ಮಾಡ್ಯೂಲನ್ನು ಗುರುತಿಸಿ ತೆಗೆದು, ಯಂತ್ರಕ್ಕೆ ಹೊಂದುವ ಇನ್ನೊಂದನ್ನು ಅಳವಡಿಸುವ ದುರಸ್ತಿ ಕಾರ್ಯ. ಲೆಕ್ಕಾಚಾರ, ವಿನ್ಯಾಸ, ಮುದ್ರಣಪೂರ್ವ ಕೆಲಸ, ಕಾರ್ಖಾನೆಯ ನಿಯಂತ್ರಣ ಮುಂತಾದ ನಿಶ್ಚಿತ ಉದ್ದೇಶಗಳಿಗೆ ಬಹುಕಾಲ ಬಳಸುವ ವರ್ಕ್‌ಸ್ಟೇಷನ್‌ಗಳಲ್ಲಿ ಈ ದುರಸ್ತಿಗೆ ಹೆಚ್ಚಿನ ಮಹತ್ವವಿದೆ. ಇಂಥ ಯಂತ್ರಗಳ ಸ್ಮೃತಿಯ ಬಗೆ, ದೋಷ ತಿದ್ದುವ ವ್ಯವಸ್ಥೆ ಮತ್ತು ಜೋಡಿಸುವ ನಿಯಮಗಳು ಮನೆಬಳಕೆಯ ಕಂಪ್ಯೂಟರಿಗಿಂತ ಭಿನ್ನವಾಗಿರುತ್ತವೆ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಂಥ ಕಡೆ, ಬಿಡಿಭಾಗಗಳ ದೊಡ್ಡ ಮಾರುಕಟ್ಟೆ ದೂರವಿರುವುದರಿಂದ, ದೋಷವನ್ನು ಸರಿಯಾಗಿ ಪತ್ತೆಹಚ್ಚಿದ ಮೇಲೆಯೇ ಬಿಡಿಭಾಗ ತರಿಸುವುದು ಅಗತ್ಯವಾಗುತ್ತದೆ.

ಪರಿಭಾಷೆ

ಈ ಲೇಖನದಲ್ಲಿ ‘ಚಿಪ್’ ಎಂದರೆ ಸ್ಮೃತಿಯ ಒಂದು ಬಿಡಿ ಸಂಯುಕ್ತ ಮಂಡಲ. ‘ಮಾಡ್ಯೂಲ್’ ಎಂದರೆ ಹಲವು ಚಿಪ್‌ಗಳನ್ನು ಬೆಸೆದಿರುವ, ಅಂಚಿನಲ್ಲಿ ಸಂಪರ್ಕಬಿಂದುಗಳಿರುವ ಸಣ್ಣ ಫಲಕ. ಅಂಗಡಿಗಳಲ್ಲಿ ಇದಕ್ಕೆ ರ‍್ಯಾಮ್ ಸ್ಟಿಕ್ ಅಥವಾ ಬರಿಯ ರ‍್ಯಾಮ್ ಎನ್ನುತ್ತಾರೆ. ‘ಸ್ಲಾಟ್’ ಎಂದರೆ ಮದರ್‌ಬೋರ್ಡಿನ ಮೇಲೆ ಮಾಡ್ಯೂಲ್ ಕೂರುವ ಜಾಗ. ಏಕಕಾಲಕ್ಕೆ ಒಟ್ಟಾಗಿ ಓದಲ್ಪಡುವ ಚಿಪ್‌ಗಳ ಅಥವಾ ಮಾಡ್ಯೂಲ್‌ಗಳ ಗುಂಪು ‘ಬ್ಯಾಂಕ್’. ಪ್ರೊಸೆಸರ್ ಮತ್ತು ಸ್ಮೃತಿಯ ನಡುವಿನ ಸ್ವತಂತ್ರ ಮಾರ್ಗ ‘ಚಾನೆಲ್’. ಒಂದು ಬಿಟ್ ತಪ್ಪಾದರೆ ತಾನಾಗಿ ತಿದ್ದಿಕೊಳ್ಳುವ ವ್ಯವಸ್ಥೆಗೆ ಇಸಿಸಿ ಎಂದು ಹೆಸರು.

ಉಗಮ ಮತ್ತು ಬೆಳವಣಿಗೆ

1950 ಮತ್ತು 1960ರ ದಶಕಗಳ ಕಂಪ್ಯೂಟರುಗಳಲ್ಲಿ ಮುಖ್ಯ ಸ್ಮೃತಿಯಾಗಿ ಫೆರೈಟ್ ಉಂಗುರಗಳನ್ನು ತಂತಿಗಳಲ್ಲಿ ಪೋಣಿಸಿದ ಕಾಂತೀಯ ಜಾಲ ಬಳಕೆಯಲ್ಲಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ನಿರ್ಮಾಣವಾಗಿ 1960ರಲ್ಲಿ ಕಾರ್ಯಾರಂಭ ಮಾಡಿದ ಟಿಫ್ರ್ಯಾಕ್ ಗಣಕದಲ್ಲೂ ಇದೇ ಬಗೆಯ ಸ್ಮೃತಿಯಿತ್ತು. ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಸೇರಿ ಒಂದು ಬಿಟ್ಟನ್ನು ಹಿಡಿದಿಡುವ ಡೈನಮಿಕ್ ರ‍್ಯಾಮ್ ಕ್ರಮವನ್ನು ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ರೂಪಿಸಿದರು. ಅದಕ್ಕೆ 1968ರಲ್ಲಿ ಪೇಟೆಂಟ್ ದೊರೆಯಿತು. 1970ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 1103 ಎಂಬ 1 ಕಿಲೋಬಿಟ್ ಚಿಪ್ ಕಾಂತೀಯ ಸ್ಮೃತಿಯನ್ನು ಕ್ರಮೇಣ ಹಿಂದಕ್ಕೆ ಸರಿಸಿತು.

ಆರಂಭದ ಪರ್ಸನಲ್ ಕಂಪ್ಯೂಟರುಗಳಲ್ಲಿ ಚಿಪ್‌ಗಳನ್ನು ಮದರ್‌ಬೋರ್ಡಿನ ಸಾಕೆಟ್‌ಗಳಲ್ಲಿ ಒಂದೊಂದಾಗಿ ಕೂರಿಸುತ್ತಿದ್ದರು. 1981ರ ಐಬಿಎಂ ಪಿಸಿಯಲ್ಲಿ ಪ್ರತಿ ಬ್ಯಾಂಕಿಗೆ 9 ಚಿಪ್‌ಗಳಿದ್ದು, ಒಂಬತ್ತನೆಯದು ದೋಷ ಕಂಡುಹಿಡಿಯುವ ಪ್ಯಾರಿಟಿ ಬಿಟ್ಟಿಗೆ ಮೀಸಲಾಗಿತ್ತು. ಯಂತ್ರ ಆರಂಭವಾಗುವಾಗ ಪರದೆಯ ಮೇಲೆ 201 ಎಂಬ ಸಂಖ್ಯೆ ಮೂಡಿದರೆ ಸ್ಮೃತಿ ದೋಷವೆಂದು ಅರ್ಥ; ಅದರ ಹಿಂದಿನ ಅಂಕಿಗಳ ನೆರವಿನಿಂದ ಯಾವ ಚಿಪ್ ಕೆಟ್ಟಿದೆಯೆಂದು ಲೆಕ್ಕಹಾಕಬಹುದಿತ್ತು. ಆ ಕಾಲದಲ್ಲಿ ಬದಲಾವಣೆ ಎಂದರೆ ಬಿಡಿ ಚಿಪ್ಪಿನ ಬದಲಾವಣೆಯೇ ಆಗಿತ್ತು. ಬಿಸಿ ಮತ್ತು ತಂಪಿನ ಆವರ್ತನೆಯಿಂದ ಚಿಪ್‌ಗಳು ಸಾಕೆಟ್ಟಿನಿಂದ ಮೇಲೇಳುತ್ತಿದ್ದುದು ಈ ಜೋಡಣೆಯ ಸಾಮಾನ್ಯ ತೊಂದರೆ.

1983ರಲ್ಲಿ ಅಮೆರಿಕದ ವ್ಯಾಂಗ್ ಲ್ಯಾಬೊರೇಟರೀಸ್ ಚಿಪ್‌ಗಳನ್ನು ಸಣ್ಣ ಫಲಕಕ್ಕೆ ಬೆಸೆದು ಸ್ಲಾಟಿಗೆ ಸಿಕ್ಕಿಸುವ ಸಿಮ್ ಮಾಡ್ಯೂಲನ್ನು ರೂಪಿಸಿತು. ಅಂದಿನಿಂದ ಬದಲಿಸುವ ಘಟಕ ಚಿಪ್ಪಿನ ಬದಲು ಮಾಡ್ಯೂಲ್ ಆಯಿತು. 1990ರ ದಶಕದ ಉತ್ತರಾರ್ಧದಲ್ಲಿ ಎರಡೂ ಬದಿಗೆ ಪ್ರತ್ಯೇಕ ಸಂಪರ್ಕಬಿಂದುಗಳಿರುವ ಡಿಮ್ ಮಾಡ್ಯೂಲ್ ಅದರ ಸ್ಥಾನಕ್ಕೆ ಬಂತು. ಸ್ಮೃತಿಯ ಅಳತೆ, ವೋಲ್ಟೇಜ್ ಮತ್ತು ಸಂಕೇತಗಳ ಮಾನಕಗಳನ್ನು ಜೆಡೆಕ್ ಸಂಸ್ಥೆ ನಿಗದಿಪಡಿಸುತ್ತದೆ. ಇದರಿಂದ ಬೇರೆ ಬೇರೆ ತಯಾರಕರ ಮಾಡ್ಯೂಲ್‌ಗಳನ್ನು ಒಂದೇ ಯಂತ್ರದಲ್ಲಿ ಬಳಸುವುದು ಸಾಧ್ಯವಾಗಿದೆ.

ವರ್ಕ್‌ಸ್ಟೇಷನ್ ತಯಾರಕರು ಕೆಲಕಾಲ ಇದಕ್ಕೆ ಹೊರತಾದ ದಾರಿ ಹಿಡಿದರು. 1989ರ ಸನ್ ಸ್ಪಾರ್ಕ್‌ಸ್ಟೇಷನ್ 1ರಲ್ಲಿ 30 ಪಿನ್‌ಗಳ ಸಿಮ್‌ಗಳನ್ನು ನಾಲ್ಕು ನಾಲ್ಕಾಗಿ ತುಂಬಬೇಕಿತ್ತು. 1993ರ ಸಿಲಿಕಾನ್ ಗ್ರಾಫಿಕ್ಸ್ ಇಂಡಿಯಲ್ಲಿ ಪ್ಯಾರಿಟಿ ಇರುವ 72 ಪಿನ್ ಸಿಮ್‌ಗಳನ್ನೂ ನಾಲ್ಕರ ಗುಂಪಿನಲ್ಲೇ ಹಾಕಬೇಕಿತ್ತು. ಸ್ಪಾರ್ಕ್‌ಸ್ಟೇಷನ್ 20ರ 200 ಪಿನ್ ಮಾಡ್ಯೂಲ್‌ಗಳು ಸಾಮಾನ್ಯ ಕಂಪ್ಯೂಟರುಗಳಿಗೆ ಹೊಂದುತ್ತಿರಲಿಲ್ಲ. 2000ದ ನಂತರ ಡೆಲ್, ಎಚ್‌ಪಿ ಮೊದಲಾದ ಕಂಪನಿಗಳ, ಇಂಟೆಲ್ ಪ್ರೊಸೆಸರ್ ಆಧಾರಿತ ವರ್ಕ್‌ಸ್ಟೇಷನ್‌ಗಳು ಪ್ರಚಾರಕ್ಕೆ ಬಂದು, ಜೆಡೆಕ್ ಮಾನಕದ ಮಾಡ್ಯೂಲ್‌ಗಳೇ ರೂಢಿಯಾದವು.

ರಚನೆ ಮತ್ತು ಕಾರ್ಯ

ಡೈನಮಿಕ್ ರ‍್ಯಾಮ್ ಚಿಪ್ಪಿನ ಒಳಗೆ ಸಾಲು ಮತ್ತು ಕಂಬಗಳಲ್ಲಿ ಜೋಡಿಸಿದ ಕೋಶಗಳಿರುತ್ತವೆ. ಕೋಶದ ಕೆಪಾಸಿಟರಿನಲ್ಲಿ ವಿದ್ಯುದಾವೇಶವಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು ಬೆಲೆ. ಆವೇಶ ಕ್ರಮೇಣ ಸೋರಿಹೋಗುವುದರಿಂದ ಎಲ್ಲ ಸಾಲುಗಳನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಓದಿ ಮತ್ತೆ ತುಂಬಲಾಗುತ್ತದೆ. ಇದಕ್ಕೆ ರಿಫ್ರೆಶ್ ಎಂದು ಹೆಸರು. ಆವೇಶ ಬೇಗ ಸೋರುವ ಕೋಶ ಮುಂದಿನ ರಿಫ್ರೆಶ್‌ವರೆಗೆ ತನ್ನ ಬೆಲೆಯನ್ನು ಉಳಿಸಿಕೊಳ್ಳಲಾರದು. ಕೋಶದ ದೋಷದ ಒಂದು ಮುಖ್ಯ ರೂಪ ಇದು. ಉಷ್ಣತೆ ಏರಿದಂತೆ ಸೋರಿಕೆ ಹೆಚ್ಚುತ್ತದೆ. ತಂಪಾಗಿರುವಾಗ ಸರಿಯಾಗಿದ್ದ ಯಂತ್ರ ಬಿಸಿಯಾದ ಮೇಲೆ ತಪ್ಪುವುದಕ್ಕೆ ಇದೇ ಕಾರಣ. 4 ಜಿಬಿ ಮಾಡ್ಯೂಲಿನಲ್ಲಿ ಸುಮಾರು 3,436 ಕೋಟಿ ಕೋಶಗಳಿದ್ದು, ಅವುಗಳಲ್ಲಿ ಒಂದು ಕೆಟ್ಟರೂ ಇಡೀ ಯಂತ್ರ ನಿಲ್ಲಬಹುದು.

ಡಿಮ್ ಮಾಡ್ಯೂಲ್ ಒಮ್ಮೆಗೆ 64 ಬಿಟ್ ದತ್ತಾಂಶವನ್ನು ಕೊಡುತ್ತದೆ. ಒಂದೊಂದು ಚಿಪ್ 8 ಬಿಟ್ ಕೊಡುವ ಮಾಡ್ಯೂಲಿನಲ್ಲಿ 8 ಅಥವಾ 16 ಚಿಪ್‌ಗಳಿರುತ್ತವೆ. ಇಸಿಸಿ ಮಾಡ್ಯೂಲಿನ ಅಗಲ 72 ಬಿಟ್. ಅಂಥದರಲ್ಲಿ ಚಿಪ್‌ಗಳ ಸಂಖ್ಯೆ 9 ಅಥವಾ 18. ಹೆಚ್ಚುವರಿ 8 ಬಿಟ್‌ಗಳಿಂದ, ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಸಂಕೇತ ವಿಧಾನದ ವಿಸ್ತರಣೆಯ ಮೂಲಕ, ಒಂದು ಬಿಟ್ ತಪ್ಪನ್ನು ತಿದ್ದಲು ಮತ್ತು ಎರಡು ಬಿಟ್ ತಪ್ಪನ್ನು ಪತ್ತೆಮಾಡಲು ಆಗುತ್ತದೆ.

ಮಾಡ್ಯೂಲಿನ ಮೇಲೆ 8 ಕಾಲುಗಳ ಒಂದು ಪುಟ್ಟ ಚಿಪ್ ಬೇರೆಯಾಗಿರುತ್ತದೆ. ಎಸ್‌ಪಿಡಿ ಎನ್ನುವ ಇದರಲ್ಲಿ ಮಾಡ್ಯೂಲಿನ ಗಾತ್ರ, ವೇಗ ಮತ್ತು ಸಮಯಾಂತರಗಳ ವಿವರ ದಾಖಲಾಗಿದ್ದು, ಯಂತ್ರವನ್ನು ಆರಂಭಿಸುವ ತಂತ್ರಾಂಶವಾದ ಬಯೋಸ್ ಅದನ್ನು ಓದಿಕೊಳ್ಳುತ್ತದೆ. ಸ್ಮೃತಿ ಚಿಪ್‌ಗಳೆಲ್ಲ ಸರಿಯಿದ್ದರೂ ಎಸ್‌ಪಿಡಿ ಕೆಟ್ಟರೆ ಯಂತ್ರ ಆ ಮಾಡ್ಯೂಲನ್ನು ಗುರುತಿಸದೆ ಹೋಗಬಹುದು.

ಪ್ರಕಾರಗಳು

ಹಳೆಯ ವರ್ಕ್‌ಸ್ಟೇಷನ್‌ಗಳಲ್ಲಿ ಕಾಣುವ ಮಾಡ್ಯೂಲ್‌ಗಳನ್ನು ತಲೆಮಾರಿನ ಪ್ರಕಾರ ಹೀಗೆ ವಿಂಗಡಿಸಬಹುದು:

- 30 ಪಿನ್ ಸಿಮ್: 8 ಬಿಟ್ ಅಗಲ, ಪ್ಯಾರಿಟಿ ಸೇರಿದರೆ 9. 80486 ಯಂತ್ರಗಳಲ್ಲಿ ನಾಲ್ಕರ ಗುಂಪು.
- 72 ಪಿನ್ ಸಿಮ್: 32 ಬಿಟ್ ಅಗಲ, ಪ್ಯಾರಿಟಿ ಸೇರಿದರೆ 36. ಪೆಂಟಿಯಂ ಯಂತ್ರಗಳಲ್ಲಿ ಜೋಡಿ.
- ಎಸ್‌ಡಿರ‍್ಯಾಮ್ ಡಿಮ್: 168 ಪಿನ್, 3.3 ವೋಲ್ಟ್.
- ಆರ್‌ಡಿರ‍್ಯಾಮ್ ಅಥವಾ ರಿಮ್: 184 ಪಿನ್. 2000ದ ಆಸುಪಾಸಿನ ಕೆಲವು ಪೆಂಟಿಯಂ 4 ಮತ್ತು ಜಿಯಾನ್ ವರ್ಕ್‌ಸ್ಟೇಷನ್‌ಗಳಲ್ಲಿ ಬಳಕೆ. ಖಾಲಿ ಸ್ಲಾಟಿನಲ್ಲೂ ಸಂಪರ್ಕ ಮುಂದುವರಿಸುವ ಚಿಪ್‌ರಹಿತ ಫಲಕವನ್ನು ಇಡಲೇಬೇಕು.
- ಡಿಡಿಆರ್: 184 ಪಿನ್, 2.5 ವೋಲ್ಟ್, ಮಾನಕ 2000.
- ಡಿಡಿಆರ್2: 240 ಪಿನ್, 1.8 ವೋಲ್ಟ್, ಮಾನಕ 2003.
- ಡಿಡಿಆರ್3: 240 ಪಿನ್, 1.5 ವೋಲ್ಟ್, ಮಾನಕ 2007. ಕಡಿಮೆ ವೋಲ್ಟೇಜಿನ ಉಪಪ್ರಕಾರಕ್ಕೆ 1.35 ವೋಲ್ಟ್.
- ಡಿಡಿಆರ್4: 288 ಪಿನ್, 1.2 ವೋಲ್ಟ್, ಮಾನಕ 2012.

ಡಿಡಿಆರ್2 ಮತ್ತು ಡಿಡಿಆರ್3ರ ಪಿನ್ ಸಂಖ್ಯೆ ಒಂದೇ ಆದರೂ ಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದು ಇನ್ನೊಂದರ ಸ್ಲಾಟಿನಲ್ಲಿ ಕೂರುವುದಿಲ್ಲ.

ವಿದ್ಯುತ್ ಸಂಕೇತಗಳನ್ನು ಪಡೆಯುವ ಕ್ರಮದಿಂದಲೂ ಮಾಡ್ಯೂಲ್‌ಗಳು ಬೇರೆಯಾಗುತ್ತವೆ. ಸ್ಮೃತಿಯನ್ನು ನಡೆಸುವ ನಿಯಂತ್ರಕದ ಸಂಕೇತ ನೇರವಾಗಿ ಚಿಪ್‌ಗಳಿಗೆ ತಲುಪುವುದು ಅನ್‌ಬಫರ್ಡ್. ನಡುವೆ ರಿಜಿಸ್ಟರ್ ಚಿಪ್ ಇರುವುದು ರಿಜಿಸ್ಟರ್ಡ್. 2006ರ ಸುಮಾರಿಗೆ ಜಿಯಾನ್ ಪ್ರೊಸೆಸರುಗಳ ವರ್ಕ್‌ಸ್ಟೇಷನ್‌ಗಳಲ್ಲಿ ಬಂದ ಫುಲ್ಲಿ ಬಫರ್ಡ್ ಮಾಡ್ಯೂಲ್‌ಗಳಲ್ಲಿ ಡಿಡಿಆರ್2 ಚಿಪ್‌ಗಳೇ ಇದ್ದರೂ ನಡುವಿನ ಬಫರ್ ಚಿಪ್ಪಿನ ಕಾರಣ ಅವು ಬೇರೆ ಡಿಡಿಆರ್2 ಯಂತ್ರಗಳಿಗೆ ಹೊಂದುವುದಿಲ್ಲ. ಈ ಬಫರ್ ಹೆಚ್ಚು ಬಿಸಿಯಾಗುವುದರಿಂದ ಮಾಡ್ಯೂಲಿಗೆ ಲೋಹದ ಹೊದಿಕೆಯಿರುತ್ತದೆ. ಸಾಕಷ್ಟು ಗಾಳಿ ಆಡುವಂತಿರಬೇಕು.

ಕೆಡಲು ಕಾರಣಗಳು

ಸ್ಮೃತಿಯ ತಪ್ಪುಗಳಲ್ಲಿ ಎರಡು ಬಗೆ. ಕ್ಷಣಿಕ ತಪ್ಪಿನಲ್ಲಿ ಕೋಶದ ಬೆಲೆ ಒಮ್ಮೆ ಮಾತ್ರ ಬದಲಾಗುತ್ತದೆ, ಚಿಪ್ಪಿಗೆ ಹಾನಿಯಾಗುವುದಿಲ್ಲ. ಚಿಪ್ಪಿನ ಹೊದಿಕೆಯಲ್ಲಿರುವ ಅಲ್ಪ ವಿಕಿರಣಶೀಲ ಅಂಶಗಳಿಂದ ಹೊಮ್ಮುವ ಆಲ್ಫಾ ಕಣಗಳು ಇಂಥ ತಪ್ಪಿಗೆ ಕಾರಣವಾಗುತ್ತವೆಂದು ಇಂಟೆಲ್ ಸಂಶೋಧಕರು 1970ರ ದಶಕದ ಕೊನೆಯಲ್ಲಿ ತೋರಿಸಿದರು; ವಿಶ್ವಕಿರಣಗಳೂ ಕಾರಣವಾಗಬಲ್ಲವು. ಸ್ಥಿರ ತಪ್ಪಿನಲ್ಲಿ ಕೋಶ, ಸಾಲು ಅಥವಾ ಇಡೀ ಚಿಪ್ ಶಾಶ್ವತವಾಗಿ ಕೆಟ್ಟಿರುತ್ತದೆ. ಬದಲಾವಣೆ ಬೇಕಾಗುವುದು ಎರಡನೆಯದಕ್ಕೆ. ಬಿಯಾಂಕಾ ಶ್ರೋಡರ್ ಮತ್ತು ಗೂಗಲ್ ಸಂಸ್ಥೆಯ ಸಹಲೇಖಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೂಗಲ್‌ನ ಸರ್ವರುಗಳಲ್ಲಿನ ಶೇ. 8ಕ್ಕೂ ಹೆಚ್ಚು ಮಾಡ್ಯೂಲ್‌ಗಳಲ್ಲಿ ವರ್ಷದೊಳಗೆ ಒಮ್ಮೆಯಾದರೂ ತಿದ್ದಬಲ್ಲ ತಪ್ಪು ಕಂಡುಬಂದಿತ್ತು; ತಪ್ಪುಗಳಲ್ಲಿ ಸ್ಥಿರ ದೋಷಗಳ ಪಾಲೇ ಹೆಚ್ಚೆಂದು ಅದು ತೋರಿಸಿತು.

ಚಿಪ್ ಸರಿಯಿದ್ದರೂ ಸ್ಮೃತಿ ಕೆಟ್ಟಂತೆ ತೋರುವ ಸಂದರ್ಭಗಳುಂಟು. ಸಂಪರ್ಕಬಿಂದುಗಳಲ್ಲಿ ದೂಳು, ಎಣ್ಣೆಯ ಪಸೆ ಅಥವಾ ಕಿಲುಬು ಸೇರುವುದು ಇವುಗಳಲ್ಲಿ ಮೊದಲನೆಯದು. ಸಿಮ್ ಕಾಲದ ಯಂತ್ರಗಳಲ್ಲಿ ತವರ ಲೇಪದ ಸ್ಲಾಟಿಗೆ ಚಿನ್ನದ ಲೇಪದ ಮಾಡ್ಯೂಲ್ ಹಾಕಿದಾಗ ಕಾಲಾಂತರದಲ್ಲಿ ಸಂಪರ್ಕ ಕೆಡುತ್ತಿತ್ತು. ಎರಡನೆಯದು ವಿದ್ಯುತ್ ಪೂರೈಕೆ: ಎಸ್‌ಎಂಪಿಎಸ್ ದುರ್ಬಲವಾದರೆ ಅಥವಾ ಮದರ್‌ಬೋರ್ಡಿನಲ್ಲಿ ಸ್ಲಾಟ್ ಬಳಿಯ ಕೆಪಾಸಿಟರುಗಳು ಉಬ್ಬಿದರೆ ಸ್ಮೃತಿಗೆ ಸ್ಥಿರ ವೋಲ್ಟೇಜ್ ದೊರೆಯುವುದಿಲ್ಲ. 1999ರಿಂದ 2007ರ ನಡುವೆ ತಯಾರಾದ ಅನೇಕ ಮದರ್‌ಬೋರ್ಡುಗಳಲ್ಲಿ ಕಳಪೆ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳ ಸಮಸ್ಯೆ ವ್ಯಾಪಕವಾಗಿತ್ತು. ಮೂರನೆಯದು ಸ್ಲಾಟ್ ಅಥವಾ ನಿಯಂತ್ರಕದ ದೋಷ. ಹೊಸ ಮಾಡ್ಯೂಲ್ ಹಾಕಿದರೂ ಇದು ಹೋಗುವುದಿಲ್ಲ.

ಸ್ಥಿರವಿದ್ಯುತ್ತಿನ ಆಘಾತ, ಸಿಡಿಲಿನಿಂದ ತಂತಿಯಲ್ಲಿ ಬರುವ ಅಧಿಕ ವೋಲ್ಟೇಜ್, ಫ್ಯಾನ್ ನಿಂತು ಏರುವ ಉಷ್ಣತೆ, ಮಾಡ್ಯೂಲನ್ನು ತಿರುವುಮುರುವಾಗಿ ಒತ್ತಿ ಕೂರಿಸುವುದು ಚಿಪ್ಪನ್ನು ನಿಜವಾಗಿ ಕೆಡಿಸುವ ಬಾಹ್ಯ ಕಾರಣಗಳು.

ಲಕ್ಷಣಗಳು ಮತ್ತು ಪತ್ತೆ

ಯಂತ್ರ ಆನ್ ಆದರೂ ಪರದೆಯ ಮೇಲೆ ಏನೂ ಬಾರದಿರುವುದು, ಬೀಪ್ ಶಬ್ದ ಮರುಕಳಿಸುವುದು, ತಾನಾಗಿ ರೀಸ್ಟಾರ್ಟ್ ಆಗುವುದು, ನೀಲಿ ಪರದೆ ಪ್ರತಿಸಲ ಬೇರೆ ಬೇರೆ ಸಂದೇಶದೊಂದಿಗೆ ಬರುವುದು, ಸಂಕುಚಿತ ಕಡತ ಬಿಚ್ಚುವಾಗ ತಪ್ಪು ಬರುವುದು, ಆಪರೇಟಿಂಗ್ ಸಿಸ್ಟಂ ಅಳವಡಿಕೆ ನಡುವೆ ನಿಲ್ಲುವುದು ಮುಖ್ಯ ಲಕ್ಷಣಗಳು. ಬಯೋಸ್ ತಯಾರಕರ ಮೇಲೆ ಬೀಪ್ ಸಂಕೇತದ ಅರ್ಥ ಬದಲಾಗುತ್ತದೆ: ಎಎಂಐ ಬಯೋಸಿನಲ್ಲಿ ಮೂರು ಚಿಕ್ಕ ಬೀಪ್‌ಗಳು ಮೊದಲ 64 ಕಿಲೋಬೈಟ್ ಸ್ಮೃತಿಯ ದೋಷವನ್ನು ಸೂಚಿಸುತ್ತವೆ, ಅವಾರ್ಡ್ ಬಯೋಸಿನಲ್ಲಿ ಉದ್ದನೆಯ ಬೀಪ್ ಮತ್ತೆ ಮತ್ತೆ ಬಂದರೆ ಸ್ಮೃತಿ ಇಲ್ಲ ಅಥವಾ ಸರಿಯಾಗಿ ಕೂತಿಲ್ಲ ಎಂದರ್ಥ. ಸನ್ ವರ್ಕ್‌ಸ್ಟೇಷನ್‌ಗಳ ಆರಂಭಿಕ ತಪಾಸಣೆ ಕೆಟ್ಟ ಮಾಡ್ಯೂಲಿನ ಸ್ಲಾಟ್ ಸಂಖ್ಯೆಯನ್ನು ಯು ಅಕ್ಷರದಿಂದ ಆರಂಭವಾಗುವ ಗುರುತಿನಲ್ಲಿ ತೋರಿಸುತ್ತದೆ. ಅದೇ ಗುರುತು ಬೋರ್ಡಿನ ಮೇಲೆಯೂ ಅಚ್ಚಾಗಿರುತ್ತದೆ.

ಇಸಿಸಿ ಇರುವ ಯಂತ್ರದಲ್ಲಿ ಲಕ್ಷಣ ಕಾಣುವ ಮೊದಲೇ ದಾಖಲೆ ಸಿಗಬಹುದು. ಲಿನಕ್ಸ್‌ನ ಇಡ್ಯಾಕ್ ವ್ಯವಸ್ಥೆ ತಿದ್ದಲಾದ ತಪ್ಪುಗಳನ್ನು ಎಣಿಸಿ, ಯಾವ ಚಾನೆಲ್ಲಿನ ಯಾವ ಮಾಡ್ಯೂಲ್ ಎಂಬುದನ್ನು ಬರೆದಿಡುತ್ತದೆ. ಒಂದೇ ಮಾಡ್ಯೂಲಿನಲ್ಲಿ ಎಣಿಕೆ ಏರುತ್ತಲೇ ಇದ್ದರೆ ಅದನ್ನು ಬದಲಿಸುವುದು ಕ್ರಮ.

ಪರೀಕ್ಷೆಗೆ ಆಪರೇಟಿಂಗ್ ಸಿಸ್ಟಂ ನೆರವಿಲ್ಲದೆ ನೇರವಾಗಿ ಓಡುವ ತಂತ್ರಾಂಶ ಸೂಕ್ತ. 1994ರಲ್ಲಿ ಕ್ರಿಸ್ ಬ್ರೇಡಿ ರೂಪಿಸಿದ ಮೆಮ್‌ಟೆಸ್ಟ್86 ಮತ್ತು ಅದರಿಂದ ಕವಲೊಡೆದ ಮೆಮ್‌ಟೆಸ್ಟ್86 ಪ್ಲಸ್ ಹೆಚ್ಚು ಬಳಕೆಯಲ್ಲಿವೆ. ಪೆನ್‌ಡ್ರೈವ್ ಅಥವಾ ಸಿಡಿಯಿಂದ ಆರಂಭಿಸಿದಾಗ ಇವು ಬೇರೆ ಬೇರೆ ವಿನ್ಯಾಸದ ಬಿಟ್‌ಗಳನ್ನು ಬರೆದು, ಮತ್ತೆ ಓದಿ ಹೋಲಿಸುತ್ತವೆ. ವಿಸ್ಟಾದಿಂದ ಈಚಿನ ವಿಂಡೋಸ್‌ನಲ್ಲಿ ಸ್ಮೃತಿ ಪರೀಕ್ಷೆಯ ಸೌಲಭ್ಯ ಅಡಕವಾಗಿದೆ. ಸರಿಯಾದ ಸ್ಮೃತಿಯಲ್ಲಿ ತಪ್ಪಿನ ಸಂಖ್ಯೆ ಸೊನ್ನೆಯೇ ಆಗಿರಬೇಕು. ಒಂದು ಸುತ್ತು ಮುಗಿದ ಮಾತ್ರಕ್ಕೆ ನಿರ್ಣಯಕ್ಕೆ ಬರದೆ, ಯಂತ್ರ ಬಿಸಿಯಾಗುವಷ್ಟು ಹೊತ್ತು ಹಲವು ಸುತ್ತು ನಡೆಸಬೇಕು.

ತಪ್ಪು ಕಂಡರೆ ದೋಷ ಮಾಡ್ಯೂಲಿನದೋ ಸ್ಲಾಟಿನದೋ ಎಂದು ಬೇರ್ಪಡಿಸಬೇಕು. ಒಂದೇ ಮಾಡ್ಯೂಲ್ ಇಟ್ಟು ಪರೀಕ್ಷಿಸಿ, ಬಳಿಕ ಅದನ್ನೇ ಇನ್ನೊಂದು ಸ್ಲಾಟಿಗೆ ಹಾಕಿ ಮತ್ತೆ ಪರೀಕ್ಷಿಸಲಾಗುತ್ತದೆ. ತಪ್ಪು ಮಾಡ್ಯೂಲಿನೊಂದಿಗೆ ಸಾಗಿದರೆ ಮಾಡ್ಯೂಲ್ ಕೆಟ್ಟಿದೆ. ಯಾವ ಮಾಡ್ಯೂಲ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ತಪ್ಪು ಬಂದರೆ ಸ್ಲಾಟ್ ಕೆಟ್ಟಿದೆ. ಗುಂಪಿನಲ್ಲೇ ತುಂಬಬೇಕಾದ ಯಂತ್ರಗಳಲ್ಲಿ ಒಂದೊಂದನ್ನೇ ಅದಲುಬದಲು ಮಾಡಿ ನೋಡಬೇಕಾಗುತ್ತದೆ.

ಹೊಂದಾಣಿಕೆಯ ನಿಯಮಗಳು

ತಲೆಮಾರು, ಪಿನ್ ಸಂಖ್ಯೆ ಮತ್ತು ವೋಲ್ಟೇಜ್ ಒಂದೇ ಆಗಿದ್ದರೂ ಮಾಡ್ಯೂಲ್ ಕೆಲಸ ಮಾಡದಿರಬಹುದು. ಕೆಳಗಿನ ಅಂಶಗಳನ್ನು ಕೊಳ್ಳುವ ಮೊದಲೇ ಪರಿಶೀಲಿಸಬೇಕು.

ರಿಜಿಸ್ಟರ್ಡ್ ಮತ್ತು ಅನ್‌ಬಫರ್ಡ್ ಮಾಡ್ಯೂಲ್‌ಗಳನ್ನು ಒಂದೇ ಯಂತ್ರದಲ್ಲಿ ಬೆರೆಸುವಂತಿಲ್ಲ. ಬಳಸಿದ ಸರ್ವರುಗಳಿಂದ ತೆಗೆದು ಅಗ್ಗಕ್ಕೆ ಮಾರುವ ಮಾಡ್ಯೂಲ್‌ಗಳು ಬಹುತೇಕ ರಿಜಿಸ್ಟರ್ಡ್ ಆಗಿದ್ದು, ಅನ್‌ಬಫರ್ಡ್ ಮಾತ್ರ ಒಪ್ಪುವ ಬೋರ್ಡಿನಲ್ಲಿ ಯಂತ್ರ ಆರಂಭವೇ ಆಗುವುದಿಲ್ಲ. ಇಸಿಸಿ ಕೆಲಸ ಮಾಡಲು ಪ್ರೊಸೆಸರ್, ಬೋರ್ಡ್ ಮತ್ತು ಎಲ್ಲ ಮಾಡ್ಯೂಲ್‌ಗಳೂ ಅದನ್ನು ಬೆಂಬಲಿಸಬೇಕು.

ಚಿಪ್ಪಿನ ಸಾಂದ್ರತೆಗೂ ಮಿತಿಯಿದೆ. 1998ರ ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್‌ನಲ್ಲಿ 8 ಚಿಪ್‌ಗಳ 256 ಎಂಬಿ ಮಾಡ್ಯೂಲ್ ಹಾಕಿದರೆ ಅರ್ಧದಷ್ಟು ಮಾತ್ರ ಕಾಣಿಸುತ್ತದೆ. 16 ಚಿಪ್‌ಗಳದು ಪೂರ್ತಿ ಕಾಣಿಸುತ್ತದೆ. ಭಾರತದ ಕಚೇರಿಗಳಲ್ಲಿ ಬಹಳ ಬಳಕೆಯಾದ ಜಿ41 ಚಿಪ್‌ಸೆಟ್‌ನ ಡಿಡಿಆರ್3 ಬೋರ್ಡುಗಳಿಗೂ 4 ಜಿಬಿ ಮಾಡ್ಯೂಲ್ ಬೇಕಾದರೆ 16 ಚಿಪ್‌ಗಳದೇ ಆಗಬೇಕು. ಎಎಂಡಿ ಯಂತ್ರಗಳಿಗೆ ಮಾತ್ರ ಎಂದು ಮಾರಾಟವಾಗುವ 4 ಜಿಬಿ ಡಿಡಿಆರ್2 ಮಾಡ್ಯೂಲ್‌ಗಳು ಇಂಟೆಲ್ ಬೋರ್ಡುಗಳಲ್ಲಿ ನಡೆಯುವುದಿಲ್ಲ.

ಬೇರೆ ಬೇರೆ ವೇಗದ ಮಾಡ್ಯೂಲ್‌ಗಳು ಒಟ್ಟಿಗಿದ್ದರೆ ಎಲ್ಲವೂ ಅತಿ ನಿಧಾನದ ಮಾಡ್ಯೂಲಿನ ವೇಗಕ್ಕೆ ಇಳಿಯುತ್ತವೆ. ಚಾನೆಲ್‌ಗಳ ಸಂಖ್ಯೆಗೆ ತಕ್ಕಂತೆ ಮಾಡ್ಯೂಲ್ ತುಂಬಬೇಕು: 2009ರ ಜಿಯಾನ್ 5500 ಸರಣಿಯ ಯಂತ್ರಗಳಲ್ಲಿ ಪ್ರತಿ ಪ್ರೊಸೆಸರಿಗೆ ಮೂರು ಚಾನೆಲ್‌ಗಳಿರುವುದರಿಂದ ಮೂರರ ಗುಂಪು ಸೂಕ್ತ. ಆಪರೇಟಿಂಗ್ ಸಿಸ್ಟಂನ ಮಿತಿಯನ್ನೂ ಲೆಕ್ಕಿಸಬೇಕು. 32 ಬಿಟ್ ವಿಂಡೋಸ್ ಎಕ್ಸ್‌ಪಿಯಲ್ಲಿ 4 ಜಿಬಿ ಹಾಕಿದರೂ ಸಾಮಾನ್ಯವಾಗಿ 3ರಿಂದ 3.5 ಜಿಬಿ ಮಾತ್ರ ಬಳಕೆಗೆ ಸಿಗುತ್ತದೆ. ವಿಂಡೋಸ್ 98ರಲ್ಲಿ 512 ಎಂಬಿ ಮೀರಿದರೆ ವಿಶೇಷ ಹೊಂದಿಕೆ ಮಾಡದೆ ಯಂತ್ರ ಸರಿಯಾಗಿ ನಡೆಯುವುದಿಲ್ಲ.

ಕೆಟ್ಟ ಮಾಡ್ಯೂಲಿನ ಮೇಲಿನ ಚೀಟಿ ಮುಖ್ಯ ಆಧಾರ. ಚೀಟಿ ಕಿತ್ತುಹೋಗಿದ್ದರೆ ಚಿಪ್‌ಗಳ ಮೇಲಿನ ಸಂಖ್ಯೆ, ಚಿಪ್‌ಗಳ ಎಣಿಕೆ ಮತ್ತು ಕಚ್ಚಿನ ಸ್ಥಾನದಿಂದ ಬಗೆ ತಿಳಿಯುತ್ತದೆ. ಸರಿಯಿರುವ ಇನ್ನೊಂದು ಮಾಡ್ಯೂಲ್ ಯಂತ್ರದಲ್ಲಿದ್ದರೆ ಲಿನಕ್ಸ್‌ನ ಡಿಎಂಐಡಿಕೋಡ್ ಅಥವಾ ವಿಂಡೋಸ್‌ನ ಸಿಪಿಯು-ಝಡ್ ತಂತ್ರಾಂಶದಿಂದ ವಿವರ ಪಡೆಯಬಹುದು.

ಬದಲಿಸುವ ವಿಧಾನ

1. ಅಗತ್ಯ ಕಡತಗಳ ಪ್ರತಿಯನ್ನು ಮೊದಲು ತೆಗೆದಿಡಬೇಕು. ಕೆಟ್ಟ ಸ್ಮೃತಿಯ ಮೂಲಕ ಉಳಿಸಿದ ಕಡತ ಕೆಟ್ಟಿರುವ ಸಾಧ್ಯತೆ ಇರುವುದರಿಂದ ಹಳೆಯ ಪ್ರತಿಯನ್ನು ಹೊಸದರಿಂದ ಅಳಿಸಬಾರದು.
2. ಯಂತ್ರವನ್ನು ಶಟ್‌ಡೌನ್ ಮಾಡಿ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಉಳಿದ ವಿದ್ಯುತ್ತನ್ನು ಹೊರಹಾಕಬೇಕು. ಪ್ಲಗ್ ಇದ್ದರೆ ಸ್ಲಾಟಿಗೆ ವಿದ್ಯುತ್ ಹರಿಯುತ್ತಲೇ ಇರಬಹುದು.
3. ಕ್ಯಾಬಿನೆಟ್ ತೆರೆದು, ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳಬೇಕು; ಇಲ್ಲವಾದರೆ ಬಣ್ಣವಿಲ್ಲದ ಲೋಹದ ಭಾಗವನ್ನು ಆಗಾಗ ಮುಟ್ಟುತ್ತಿರಬೇಕು. ಮನುಷ್ಯನ ಅನುಭವಕ್ಕೆ ಬರಲು ಸುಮಾರು 3,000 ವೋಲ್ಟ್ ಸ್ಥಿರವಿದ್ಯುತ್ ಬೇಕು. ಚಿಪ್ಪಿಗೆ ಹಾನಿಯಾಗಲು ಅದಕ್ಕಿಂತ ಬಹಳ ಕಡಿಮೆ ಸಾಕು.
4. ಸ್ಲಾಟುಗಳ ಚಿತ್ರ ತೆಗೆದು ಅಥವಾ ಗುರುತು ಮಾಡಿ, ಯಾವ ಮಾಡ್ಯೂಲ್ ಎಲ್ಲಿತ್ತೆಂದು ದಾಖಲಿಸಬೇಕು.
5. ಡಿಮ್ ಆದರೆ ಎರಡೂ ತುದಿಯ ಕೊಂಡಿಗಳನ್ನು ಹೊರಕ್ಕೆ ಒತ್ತಿದಾಗ ಮಾಡ್ಯೂಲ್ ಮೇಲೇಳುತ್ತದೆ. ಸಿಮ್ ಆದರೆ ಕೊಂಡಿ ಬಿಡಿಸಿ ಓರೆಯಾಗಿ ಬಾಗಿಸಿ ತೆಗೆಯಬೇಕು. ಹಳೆಯ ಪ್ಲಾಸ್ಟಿಕ್ ಕೊಂಡಿಗಳು ಸುಲಭವಾಗಿ ಮುರಿಯುತ್ತವೆ.
6. ಸ್ಲಾಟಿನ ದೂಳನ್ನು ಊದುಗಾಳಿಯಿಂದ ತೆಗೆದು, ಸಂಪರ್ಕಬಿಂದುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ, ನಾರು ಬಿಡದ ಬಟ್ಟೆಯಿಂದ ಒರೆಸಬೇಕು. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ವ್ಯಾಪಕವಾಗಿದೆಯಾದರೂ ಅದರಿಂದ ಚಿನ್ನದ ತೆಳು ಲೇಪ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿನಲ್ಲಿ ಉಳಿಯುತ್ತದೆ.
7. ಹೊಸ ಮಾಡ್ಯೂಲಿನ ಕಚ್ಚನ್ನು ಸ್ಲಾಟಿನ ಏಣಿಗೆ ಹೊಂದಿಸಿ, ಎರಡೂ ತುದಿಗಳನ್ನು ಸಮನಾಗಿ ಒತ್ತಿ, ಕೊಂಡಿಗಳು ತಾವಾಗಿ ಬೀಳುವಂತೆ ಕೂರಿಸಬೇಕು.
8. ಬಯೋಸ್ ತೋರಿಸುವ ಒಟ್ಟು ಸ್ಮೃತಿಯನ್ನು ಹೋಲಿಸಿ, ಮೆಮ್‌ಟೆಸ್ಟ್86 ಪ್ಲಸ್‌ನಿಂದ ಮರುಪರೀಕ್ಷೆ ಮಾಡಿದ ಬಳಿಕವೇ ಆಪರೇಟಿಂಗ್ ಸಿಸ್ಟಂ ಆರಂಭಿಸಬೇಕು. ಕೊನೆಯಲ್ಲಿ ಡಿಸ್ಕ್ ತಪಾಸಣೆ ನಡೆಸಬೇಕು.

ಮಾಡ್ಯೂಲ್ ತೆಗೆದು ಒರೆಸಿ ಮತ್ತೆ ಕೂರಿಸಿದ ಮಾತ್ರಕ್ಕೆ ದೋಷ ನೀಗುವುದುಂಟು. ಹೀಗಾಗಿ ಹೊಸದನ್ನು ತರಿಸುವ ಮೊದಲು ಐದು ಮತ್ತು ಆರನೆಯ ಹಂತಗಳನ್ನು ಮಾಡಿ ಪರೀಕ್ಷಿಸಲಾಗುತ್ತದೆ.

ಚಿಪ್ ಮಟ್ಟದ ದುರಸ್ತಿ

ಸ್ಮೃತಿಯನ್ನು ಮದರ್‌ಬೋರ್ಡಿಗೇ ಬೆಸೆದಿರುವ ಯಂತ್ರಗಳಲ್ಲಿ, ಅಥವಾ ಸಮಾನ ಮಾಡ್ಯೂಲ್ ಸಿಗದ ಸಂದರ್ಭದಲ್ಲಿ, ಬಿಡಿ ಚಿಪ್ಪನ್ನೇ ಬದಲಿಸಬೇಕಾಗುತ್ತದೆ. ಎಸ್‌ಡಿರ‍್ಯಾಮ್ ಚಿಪ್‌ಗಳಿಗೆ 54, ಡಿಡಿಆರ್ ಚಿಪ್‌ಗಳಿಗೆ ಸಾಮಾನ್ಯವಾಗಿ 66 ಕಾಲುಗಳು ಇಕ್ಕೆಲದಲ್ಲಿರುತ್ತವೆ. ಇವುಗಳನ್ನು ಬಿಸಿಗಾಳಿಯ ಉಪಕರಣದಿಂದ ಬಿಡಿಸಿ ಹೊಸದನ್ನು ಬೆಸೆಯಬಹುದು. ಡಿಡಿಆರ್2ರಿಂದ ಮುಂದಕ್ಕೆ ಚಿಪ್ಪಿನ ತಳದಲ್ಲಿ ಬೆಸುಗೆಯ ಗುಂಡುಗಳಿರುವುದರಿಂದ ಉಷ್ಣತೆಯನ್ನು ನಿಯಂತ್ರಿಸುವ ರೀವರ್ಕ್ ಸ್ಟೇಷನ್ ಬೇಕು. ದಾನಿ ಮಾಡ್ಯೂಲಿನಿಂದ ತೆಗೆಯುವ ಚಿಪ್ಪಿನ ಸಾಂದ್ರತೆ, ಅಗಲ ಮತ್ತು ವೇಗ ಮೂಲ ಚಿಪ್ಪಿಗೆ ಸಮನಾಗಿರಬೇಕು.

ಕೆಟ್ಟ ಕೋಶಗಳ ವಿಳಾಸ ನಿರ್ದಿಷ್ಟವಾಗಿ ತಿಳಿದಿದ್ದು ಬದಲಿ ಸಿಗುವವರೆಗೆ ಯಂತ್ರ ನಡೆಯಲೇಬೇಕಾದರೆ, ಲಿನಕ್ಸ್ ಆರಂಭವಾಗುವಾಗ ಮೆಮ್‌ಮ್ಯಾಪ್ ಆಜ್ಞೆಯ ಮೂಲಕ ಆ ವಿಳಾಸಗಳನ್ನು ಬಳಕೆಯಿಂದ ಹೊರಗಿಡಬಹುದು. ದೋಷ ಹರಡುತ್ತಿದ್ದರೆ ಈ ಉಪಾಯ ನಿಲ್ಲುವುದಿಲ್ಲ.

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಪ್ರದೇಶ

ಈ ನಾಲ್ಕು ತಾಲ್ಲೂಕುಗಳು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಭಾಗದಲ್ಲಿವೆ. ಕಂಪ್ಯೂಟರ್ ಬಳಕೆಯ ಸ್ವರೂಪ ಒಂದೊಂದು ಕಡೆ ಒಂದೊಂದು ರೀತಿ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇದೆ. ಸಮೀಪದ ಅಂಬಿಕಾನಗರದಲ್ಲಿ ಕಾಳಿ ಜಲವಿದ್ಯುತ್ ಯೋಜನೆಯ ನಾಗಝರಿ ವಿದ್ಯುದಾಗಾರಕ್ಕೆ ಸಂಬಂಧಿಸಿದ ವಸಾಹತು ಇದೆ. ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆಯೂ 2004ರಲ್ಲಿ ಆರಂಭವಾದ ಕೆಎಲ್‌ಎಸ್ ಎಂಜಿನಿಯರಿಂಗ್ ಕಾಲೇಜೂ ಇವೆ. ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ ವಸಾಹತು ನೆಲೆಗೊಂಡಿತು. ಡ್ರೆಪುಂಗ್ ಮತ್ತು ಗಾದೆನ್ ಮಠಗಳು ಇಲ್ಲಿ ಪುನಃಸ್ಥಾಪನೆಯಾದವು. ಜೋಯಿಡಾದ ಬಹುಭಾಗ ಅರಣ್ಯ. ಕಾಳಿ ಹುಲಿ ಸಂರಕ್ಷಿತ ಪ್ರದೇಶ ಇಲ್ಲಿ ಹರಡಿದೆ.

ಹಳೆಯ ಯಂತ್ರಗಳು ಬಳಕೆಯಲ್ಲಿ ಉಳಿಯಲು ಮೂರು ಸಾಮಾನ್ಯ ಕಾರಣಗಳಿವೆ. ಕಾಗದ ಮತ್ತು ಸಕ್ಕರೆ ಉದ್ಯಮಗಳಲ್ಲಿ ನಿಯಂತ್ರಣ ವ್ಯವಸ್ಥೆಯ ತಂತ್ರಾಂಶ ನಿರ್ದಿಷ್ಟ ಆಪರೇಟಿಂಗ್ ಸಿಸ್ಟಂ ಮತ್ತು ಕಾರ್ಡುಗಳಿಗೆ ಬದ್ಧವಾಗಿರುವುದರಿಂದ, ಯಂತ್ರ ಬದಲಿಸಿದರೆ ಇಡೀ ವ್ಯವಸ್ಥೆಯನ್ನು ಬದಲಿಸಬೇಕಾಗುತ್ತದೆ. ಕನ್ನಡ ಡಿಟಿಪಿ ಕೆಲಸದಲ್ಲಿ ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಮಾಡಿದ ಪೇಜ್‌ಮೇಕರ್ ಕಡತಗಳನ್ನು ತೆರೆಯಲು ಹಳೆಯ ವಿಂಡೋಸ್ ಯಂತ್ರವೇ ಬೇಕಾಗುತ್ತದೆ. ಶಾಲೆ, ಕಾಲೇಜು ಮತ್ತು ಸಣ್ಣ ಕಚೇರಿಗಳಲ್ಲಿ ಹೊಸದನ್ನು ಕೊಳ್ಳುವ ವೆಚ್ಚ ಅಡ್ಡಿಯಾಗುತ್ತದೆ.

ಸರ್ಕಾರಿ ಕಚೇರಿಗಳಲ್ಲಿ ಕಂಪ್ಯೂಟರ್ ದೊಡ್ಡ ಪ್ರಮಾಣದಲ್ಲಿ ಹಬ್ಬಿದ್ದು ಭೂಮಿ ಯೋಜನೆಯಿಂದ. ಆಗ ರಾಜ್ಯದಲ್ಲಿದ್ದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು 2000ದ ದಶಕದ ಆರಂಭದಲ್ಲಿ ಗಣಕೀಕರಣಗೊಂಡವು. ಹಳಿಯಾಳ, ಸೂಪಾ ಹೆಸರಿನ ಜೋಯಿಡಾ ಮತ್ತು ಮುಂಡಗೋಡ ಆಗ ಜಿಲ್ಲೆಯ 11 ತಾಲ್ಲೂಕುಗಳಲ್ಲಿ ಸೇರಿದ್ದವು. ದಾಂಡೇಲಿ ಅನಂತರ ಪ್ರತ್ಯೇಕ ತಾಲ್ಲೂಕಾಯಿತು.

ಹವಾಮಾನ ಸ್ಮೃತಿಯ ಬಾಳಿಕೆಯ ಮೇಲೆ ನೇರ ಪರಿಣಾಮ ಬೀರುತ್ತದೆ. ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ರಾಜ್ಯದ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಒಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಾಂಶ ಸಂಪರ್ಕಬಿಂದುಗಳಿಗೆ ಕಿಲುಬು ಹಿಡಿಸುತ್ತದೆ. ಬಹುಕಾಲ ಆನ್ ಮಾಡದ ಯಂತ್ರದಲ್ಲಿ ಇದು ಹೆಚ್ಚು. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತದೆ. ಹಳಿಯಾಳ ಮತ್ತು ಮುಂಡಗೋಡದ ಬಯಲು ಭಾಗಗಳಲ್ಲಿ ಬೇಸಿಗೆಯ ದೂಳು ಮತ್ತು ಒಣಹವೆಯ ಸ್ಥಿರವಿದ್ಯುತ್ ಗಮನಿಸಬೇಕಾದ ಅಂಶಗಳು. ಏಪ್ರಿಲ್ ಮತ್ತು ಮೇ ತಿಂಗಳುಗಳ ಗುಡುಗುಮಳೆಯಲ್ಲಿ ಸಿಡಿಲಿನ ಅಪಾಯವಿದ್ದು, ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ರಕ್ಷಣೆ ಕೊಡುತ್ತವೆ. ಈ ಭಾಗಕ್ಕೆ ವಿದ್ಯುತ್ ವಿತರಿಸುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ.

ಬಿಡಿಭಾಗಗಳಿಗೆ ಹತ್ತಿರದ ದೊಡ್ಡ ಪೇಟೆಗಳು ಹುಬ್ಬಳ್ಳಿ, ಧಾರವಾಡ ಮತ್ತು ಬೆಳಗಾವಿ. ಬಳಕೆ ತಪ್ಪಿದ ಬಗೆಗಳಿಗೆ ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳು ರಾಜ್ಯದಲ್ಲಿ ಮುಖ್ಯ ನೆಲೆ.

ಇಂದಿನ ಸ್ಥಿತಿ

ಡೈನಮಿಕ್ ರ‍್ಯಾಮ್ ತಯಾರಿಕೆ ಇಂದು ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಕಂಪನಿಗಳ ಕೈಯಲ್ಲಿದೆ. ಹಳೆಯ ಮಾಡ್ಯೂಲ್‌ಗಳ ಮೇಲೆ ಕಾಣುವ ಕ್ವಿಮೊಂಡಾ 2009ರಲ್ಲಿ ದಿವಾಳಿಯಾಯಿತು. ಎಲ್ಪಿಡಾ 2013ರಲ್ಲಿ ಮೈಕ್ರಾನ್‌ನಲ್ಲಿ ಸೇರಿತು. ಗುಜರಾತಿನ ಸಾಣಂದ್‌ನಲ್ಲಿ ಸ್ಮೃತಿ ಚಿಪ್‌ಗಳ ಜೋಡಣೆ ಮತ್ತು ಪರೀಕ್ಷೆಯ ಘಟಕ ಸ್ಥಾಪಿಸುವುದಾಗಿ ಮೈಕ್ರಾನ್ 2023ರ ಜೂನ್‌ನಲ್ಲಿ ಪ್ರಕಟಿಸಿತು. 2025ರ ಉತ್ತರಾರ್ಧದಲ್ಲಿ ಕೃತಕ ಬುದ್ಧಿಮತ್ತೆಯ ಸರ್ವರುಗಳ ಬೇಡಿಕೆಯಿಂದ ಸ್ಮೃತಿಯ ಬೆಲೆ ತೀವ್ರವಾಗಿ ಏರಿತು.

ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮುಗಿಯಿತು. ಸ್ಮೃತಿ ಬದಲಿಸಿ ಉಳಿಸಿಕೊಂಡ ಇಂಥ ಯಂತ್ರವನ್ನು ಅಂತರಜಾಲದಿಂದ ದೂರವಿಟ್ಟು ನಿಗದಿತ ಕೆಲಸಕ್ಕೆ ಬಳಸುವುದು, ಅಥವಾ ಅದರಲ್ಲಿ ಲಿನಕ್ಸ್ ಅಳವಡಿಸುವುದು ರೂಢಿಯಲ್ಲಿರುವ ಕ್ರಮಗಳು.

ಕೆಟ್ಟ ಮಾಡ್ಯೂಲಿನ ಅಂಚಿನಲ್ಲಿ ಚಿನ್ನವೂ, ಹಳೆಯವುಗಳ ಬೆಸುಗೆಯಲ್ಲಿ ಸೀಸವೂ ಇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಇದನ್ನು ಮನೆಯ ಕಸದೊಂದಿಗೆ ಬೆರೆಸದೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.